ಆಲ್-ಸ್ಟಾರ್ ಬ್ಯಾಂಡೋ, ಜಿ3ಯೋ, ಕಿಂಗ್ಸ್ ಆಫ್ ಕೇಯಾಸೋ?

ಇವು ರಾಕ್ ಕಲಾವಿದರು ಕೂಡಿ ನಡೆಸುವ ಮೂರು ಸಂಗೀತ ಕಾರ್ಯಕ್ರಮಗಳು. ಮೂರರಲ್ಲೂ ಕಲಾವಿದರು ಬದಲಾಗುತ್ತಿರುತ್ತಾರೆ, ಆದರೆ ಬದಲಾಗುವ ರೀತಿ ಬೇರೆ. ಟಿಕೆಟ್ ಕೊಳ್ಳುವವರು ಮೊದಲು ನೋಡಬೇಕಾದ್ದೇ ಅದು.

ಬೀಟಲ್ಸ್‌ನ ಡ್ರಮ್ಮರ್ ಆಗಿದ್ದ ರಿಂಗೋ ಸ್ಟಾರ್ 1989ರಲ್ಲಿ ಕಟ್ಟಿದ ಆಲ್-ಸ್ಟಾರ್ ಬ್ಯಾಂಡಿನಲ್ಲಿ ಒಂದು ಪ್ರವಾಸದುದ್ದಕ್ಕೂ ಸಾಮಾನ್ಯವಾಗಿ ಒಂದೇ ತಂಡ. ಮೊದಲ ತಂಡದಲ್ಲಿ ಜೋ ವಾಲ್ಷ್, ಬಿಲ್ಲಿ ಪ್ರೆಸ್ಟನ್, ಲೆವೊನ್ ಹೆಲ್ಮ್ ಇದ್ದರು. 2012ರ ತಂಡದಲ್ಲಿ ಸ್ಟೀವ್ ಲುಕಾಥರ್, ಗ್ರೆಗ್ ರೋಲಿ, ಟಾಡ್ ರಂಡ್‌ಗ್ರೆನ್. ಪ್ರತಿಯೊಬ್ಬರೂ ತಮ್ಮ ಹಿಟ್‌ಗಳನ್ನು ಹಾಡುತ್ತಾರೆ, ಉಳಿದವರು ನುಡಿಸುತ್ತಾರೆ. ರೋಲಿ ಇದ್ದರೆ ಅವರ ಹಳೆಯ ಬ್ಯಾಂಡ್ ಸಂತಾನಾದ ಹಾಡುಗಳು, ಲುಕಾಥರ್ ಇದ್ದರೆ ಅವರ ಬ್ಯಾಂಡ್ ಟೋಟೊದ ಹಾಡುಗಳು. ಹಾಗಾಗಿ ಹಳೆಯ ಆಲ್ಬಮ್ ಕೇಳಿ ಟಿಕೆಟ್ ಕೊಂಡರೆ ನಿರಾಸೆಯಾದೀತು. ಆ ವರ್ಷದ ಪೋಸ್ಟರಿನ ಹೆಸರುಗಳನ್ನೇ ನೋಡಿ. ರಿಂಗೋ ಇಡೀ ಹೊತ್ತು ಹಾಡುವುದಿಲ್ಲ, ಬೀಟಲ್ಸ್ ಗೀತೆಗಳಷ್ಟೇ ಬೇಕೆನ್ನುವವರಿಗೆ ಇದು ಸಾಲದು. ಆದರೂ ಮನೆಮಂದಿಯೆಲ್ಲ ಹೋಗುವುದಾದರೆ ನನ್ನ ಒಲವು ಇದರತ್ತಲೇ.

ಗಿಟಾರ್ ವಾದಕ ಜೋ ಸ್ಯಾಟ್ರಿಯಾನಿಯ ಜಿ3 ಗಿಟಾರ್ ಪ್ರಿಯರದ್ದು. 1996ರ ಮೊದಲ ಪ್ರವಾಸದಲ್ಲಿ ಜೊತೆಗಿದ್ದವರು ಸ್ಟೀವ್ ವೈ, ಎರಿಕ್ ಜಾನ್ಸನ್. ಮೂವರೂ ತಂತಮ್ಮ ಬ್ಯಾಂಡಿನೊಂದಿಗೆ ಬೇರೆ ಬೇರೆಯಾಗಿ ನುಡಿಸಿ, ಕೊನೆಯಲ್ಲಿ ಒಟ್ಟಿಗೆ ಜ್ಯಾಮ್ ಮಾಡುತ್ತಾರೆ, ಅಂದರೆ ಮೂವರೂ ಸೇರಿ ಮನಸ್ಸಿಗೆ ಬಂದಂತೆ ನುಡಿಸುತ್ತಾರೆ. ಆ ಜ್ಯಾಮ್‌ಗಾಗಿಯೇ ಹೋಗಬೇಕು, ಬೇಗ ಎದ್ದು ಬರಬೇಡಿ! ಹೆಚ್ಚಿನದು ವಾದ್ಯಸಂಗೀತವೇ ಆದ್ದರಿಂದ, ಹಾಡು ಬಯಸುವ ಜೊತೆಗಾರರಿಗೆ ಬೇಸರವಾಗಬಹುದು.

ಗನ್ಸ್ ಎನ್ ರೋಸಸ್‌ನ ಮಾಜಿ ಡ್ರಮ್ಮರ್ ಮ್ಯಾಟ್ ಸೋರಮ್ ಕಟ್ಟಿದ ಕಿಂಗ್ಸ್ ಆಫ್ ಕೇಯಾಸ್‌ನಲ್ಲಿ ಗನ್ಸ್ ಎನ್ ರೋಸಸ್, ಡೀಪ್ ಪರ್ಪಲ್‌ನಂಥ ತಂಡಗಳ ಹಿಟ್‌ಗಳು. ಇಲ್ಲಿ ಹೆಸರುಗಳು ಪ್ರದರ್ಶನದಿಂದ ಪ್ರದರ್ಶನಕ್ಕೇ ಬದಲಾಗಬಹುದು. ಒಬ್ಬನೇ ಗಾಯಕನಿಗಾಗಿ ದೂರದಿಂದ ಹೋಗುವುದಾದರೆ, ನಿಮ್ಮ ಊರಿನ ದಿನಾಂಕದ ಪಟ್ಟಿಯಲ್ಲಿ ಅವನ ಹೆಸರು ಇದೆಯೇ ನೋಡಿಯೇ ದುಡ್ಡು ಕೊಡಿ.