ವಾನಿಕಾನಿ: 12 ಓದಿನ ಕಾಂಜಿಯನ್ನು ಹೇಗೆ ಕಲಿಸುತ್ತದೆ?

ಜಪಾನಿ ಬರಹದಲ್ಲಿ ಬಳಸುವ ಚೀನಾ ಮೂಲದ ಅಕ್ಷರಗಳೇ ಕಾಂಜಿ. ‘ಜೀವ’, ‘ಹುಟ್ಟು’ ಎಂಬರ್ಥದ ಕಾಂಜಿಗೆ (生) ಗೆರೆ ಐದೇ. ಓದು, ಅಂದರೆ ಉಚ್ಚಾರ, ಮಾತ್ರ, 2010ರಲ್ಲಿ ಪರಿಷ್ಕರಿಸಿದ ಜೋಯೋ ಪಟ್ಟಿಯಲ್ಲೇ (ನಿತ್ಯಬಳಕೆಯ ಕಾಂಜಿಗಳ ಅಧಿಕೃತ ಪಟ್ಟಿ), 12 ಇವೆ. ಚೀನಾ ಮೂಲದ ಒನ್‌ಯೋಮಿ ಎರಡು: ಸೇ, ಶೋ. ಮಿಕ್ಕ ಹತ್ತು ಅಚ್ಚ ಜಪಾನಿ ಕುನ್‌ಯೋಮಿ. ಒಂದೇ ಗುರುತನ್ನು ಬಿಡಿಯಾಗಿ ಕಂಡರೆ ‘ಮನೆ’, ಸಮಾಸದಲ್ಲಿ ಕಂಡರೆ ‘ಗೃಹ’ ಎಂದು ಓದಿದ ಹಾಗೆ. ಹನ್ನೆರಡನ್ನೂ ಒಟ್ಟಿಗೆ ಉರು ಹೊಡೆದವರಿಗೆ ವಾಕ್ಯದಲ್ಲಿ ಆ ಕಾಂಜಿ ಸಿಕ್ಕಾಗ ಯಾವುದನ್ನು ಆರಿಸಬೇಕೆಂದೇ ತಿಳಿಯುವುದಿಲ್ಲ.

ಟೋಫುಗು ಸಂಸ್ಥೆಯ ವಾನಿಕಾನಿ ಗೆಲ್ಲುವುದು ಇಲ್ಲೇ. 60 ಹಂತ, 2,000ಕ್ಕೂ ಹೆಚ್ಚು ಕಾಂಜಿ, 6,000ಕ್ಕೂ ಹೆಚ್ಚು ಪದಗಳಿರುವ ಈ ವೆಬ್ ಸೇವೆ ಮೊದಲು ಕಾಂಜಿಯ ಬಿಡಿಭಾಗ, ಆಮೇಲೆ ಇಡೀ ಕಾಂಜಿಗೆ ಹೆಚ್ಚು ಬಳಕೆಯ ಓದು (ಸಾಮಾನ್ಯವಾಗಿ ಒನ್‌ಯೋಮಿ), ಕೊನೆಗೆ ಪದಗಳು ಎಂಬ ಕ್ರಮದಲ್ಲಿ ಕಲಿಸುತ್ತದೆ. ಉಳಿದ ಓದುಗಳು ಪದಗಳ ಮೂಲಕವೇ ಬರುತ್ತವೆ. ಸೆನ್ಸೇ (ಶಿಕ್ಷಕ), ಗಕ್ಸೇ (ವಿದ್ಯಾರ್ಥಿ) ಪದಗಳಲ್ಲಿ ‘ಸೇ’. ಇಶ್ಶೋ, ಅಂದರೆ ಇಡೀ ಬದುಕು, ಎಂಬಲ್ಲಿ ‘ಶೋ’. ಕಾಂಜಿಯ ನಂತರ ಹಿರಗಾನದಲ್ಲಿ (ಉಚ್ಚಾರವನ್ನಷ್ಟೇ ಬರೆಯುವ ಜಪಾನಿ ಲಿಪಿ) ‘ಕಿರು’ ಇದ್ದರೆ ಇಕಿರು (ಬದುಕು), ‘ಮರೆರು’ ಇದ್ದರೆ ಉಮರೆರು (ಹುಟ್ಟು), ‘ಎರು’ ಇದ್ದರೆ ಹಎರು (ಮೊಳೆ, ಬೆಳೆ). ಏನೂ ಅಂಟದೆ ಒಂಟಿಯಾಗಿದ್ದರೆ ಹೆಚ್ಚಾಗಿ ನಮ, ಅಂದರೆ ಹಸಿ. ಓದನ್ನು ತೀರ್ಮಾನಿಸುವುದು ಈ ಬಾಲಗಳೇ ಎಂಬುದು ಹತ್ತಾರು ಪದ ದಾಟುವಷ್ಟರಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ಹುಲ್ಲುಹಾಸಿಗೆ ಹೇಳುವ ‘ಶಿಬಫು’ವಿನಂಥ ಪುಂಡು ಪದಗಳನ್ನು ಮಾತ್ರ ಹಾಗೇ ನೆನಪಿಡಬೇಕು, ಆ ‘ಫು’ 12ರ ಪಟ್ಟಿಯಲ್ಲೂ ಇಲ್ಲ.

ಉತ್ತರವನ್ನು ಟೈಪ್ ಮಾಡಬೇಕು, ಆಯ್ಕೆಗಳಿರುವುದಿಲ್ಲ. ಒನ್‌ಯೋಮಿ ಕೇಳಿದಾಗ ಕುನ್‌ಯೋಮಿ ಕೊಟ್ಟರೆ ಪೆಟ್ಟಿಗೆ ಅಲುಗಾಡಿ ಮತ್ತೆ ಅವಕಾಶ ಕೊಡುತ್ತದೆ. ಅರ್ಥದಲ್ಲಿ ಸಣ್ಣ ಕಾಗುಣಿತ ತಪ್ಪನ್ನೂ ಕ್ಷಮಿಸುತ್ತದೆ. ಓದಿನಲ್ಲಿ ಕ್ಷಮೆ ಇಲ್ಲ. ಹ್ರಸ್ವ ದೀರ್ಘ ಕನ್ನಡದ ಕಿವಿಗೆ ಹೊಸದಲ್ಲವಾದರೂ ಬೆರಳು ಎಡವುತ್ತದೆ: ‘ಶೋ’ಗೆ ‘ಶೊ’ ಜೊತೆ ‘ಉ’, ‘ಸೇ’ಗೆ ‘ಸೆ’ ಜೊತೆ ‘ಇ’ ಒತ್ತಬೇಕು.

ಮರುಪರೀಕ್ಷೆಗಳು 4 ಗಂಟೆ, 8 ಗಂಟೆ, ಸುಮಾರು 1 ದಿನ, 2 ದಿನಗಳ ಅಂತರದಲ್ಲಿ ಬಂದು (ಈ ನಾಲ್ಕು ಮೆಟ್ಟಿಲು ‘ಅಪ್ರೆಂಟಿಸ್’ ಮಟ್ಟ), ಮುಂದಿನ ‘ಗುರು’ ಮಟ್ಟ ತಲುಪಿದ ಮೇಲೆ 1 ವಾರ, 2 ವಾರ, 1 ತಿಂಗಳು, 4 ತಿಂಗಳಿಗೆ ಹಿಗ್ಗುತ್ತವೆ. ಹೊಸ ಪಾಠವನ್ನು ಬೆಳಿಗ್ಗೆ 7ಕ್ಕೆ ಮುಗಿಸಿದರೆ 11ಕ್ಕೆ, ಸಂಜೆ 7ಕ್ಕೆ ಪರೀಕ್ಷೆ ಬರುತ್ತದೆ; ರಾತ್ರಿ 10ಕ್ಕೆ ಕಲಿತರೆ ಮೊದಲನೆಯದೇ ನಿದ್ದೆಯಲ್ಲಿ ತಪ್ಪುತ್ತದೆ. ಗುರು ಮಟ್ಟ ತಲುಪಿದ ಮೇಲೆ ಒಮ್ಮೆ ತಪ್ಪಿದರೂ ಎರಡು ಮೆಟ್ಟಿಲು ಕೆಳಗೆ. ಎಷ್ಟೇ ಚುರುಕಾಗಿದ್ದರೂ ಒಂದು ಹಂತಕ್ಕೆ ಸಾಮಾನ್ಯವಾಗಿ ಹೆಚ್ಚುಕಡಿಮೆ ಒಂದು ವಾರ ಬೇಕು. ಹಾಗಾಗಿ 60 ಹಂತವೆಂದರೆ ವರ್ಷದ ಮೇಲಿನ ಮಾತು.

ಕೊರತೆಗಳೂ ಸಣ್ಣವಲ್ಲ. ಕೈಬರಹ ಇಲ್ಲವೇ ಇಲ್ಲ. ಬೆಂಗಳೂರಿನಲ್ಲೂ ನಡೆಯುವ ಜೆಎಲ್‌ಪಿಟಿ (ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ) ಬಹು ಆಯ್ಕೆಯ ಪರೀಕ್ಷೆಯಾದ್ದರಿಂದ ಅಲ್ಲಿ ಅದು ತೊಡಕಾಗದು. ಬರೆಯಬೇಕೆನ್ನುವವರು ಚೌಕುಳಿ ಪುಸ್ತಕ ಬೇರೆ ಇಟ್ಟುಕೊಳ್ಳಬೇಕು. ಪಾಠಕ್ರಮ ಸರಳ ಆಕಾರದಿಂದ ಕಠಿಣಕ್ಕೆ ಸಾಗುತ್ತದೆಯೇ ಹೊರತು ಜೆಎಲ್‌ಪಿಟಿಯ ಆರಂಭಿಕ ಹಂತಗಳಾದ ಎನ್5, ಎನ್4ರ ಪಟ್ಟಿಯಂತಲ್ಲ. ಮೂರು ತಿಂಗಳಲ್ಲಿ ಪರೀಕ್ಷೆ ಇದ್ದವರಿಗೆ ಆಂಕಿ ಎಂಬ ನೆನಪಿನ ಕಾರ್ಡ್‌ಗಳ ಆ್ಯಪ್‌ನಲ್ಲಿ ಸ್ವಂತ ಕಾರ್ಡ್ ಮಾಡಿಕೊಳ್ಳುವುದೇ ಲೇಸು. ಬಿಡಿಭಾಗಗಳ ಹೆಸರೂ ಸ್ವಂತ ಸೃಷ್ಟಿ, ಅಡ್ಡಗೆರೆಗೆ ‘ಗ್ರೌಂಡ್’ ಎಂಬಂತೆ. ಹೊರಗಿನ ನಿಘಂಟಿನಲ್ಲಿ ಹುಡುಕಲು ಉಪಯೋಗಕ್ಕೆ ಬಾರದು.

ಅರ್ಥಗಳೆಲ್ಲ ಇಂಗ್ಲಿಷಿನಲ್ಲಿವೆ. ಆದರೆ ಸ್ವಂತ ಸಮಾನಾರ್ಥಕ ಸೇರಿಸಬಹುದು, ಇಂಗ್ಲಿಷ್ ಲಿಪಿಯಲ್ಲಿ ‘ಜೀವನ’ ಎಂದು ಹಾಕಿಟ್ಟರೆ ಅದೂ ಸರಿಯುತ್ತರ.

ಮೊದಲ 3 ಹಂತ ಉಚಿತ. ಒಗ್ಗುತ್ತದೋ ಇಲ್ಲವೋ ನೋಡಲು ಅಷ್ಟು ಸಾಕು. ಚಂದಾ ಕಟ್ಟಿದ ಮೇಲೆ ದಿನಕ್ಕೆ 10–15 ಹೊಸ ಪಾಠ ಮೀರಬೇಡಿ. ‘ಅಪ್ರೆಂಟಿಸ್’ ಮಟ್ಟದಲ್ಲಿ 100ಕ್ಕಿಂತ ಹೆಚ್ಚು ಬಾಕಿ ಕಂಡರೆ ಪಾಠ ನಿಲ್ಲಿಸಿ ಪರೀಕ್ಷೆಗಳನ್ನಷ್ಟೇ ಮುಗಿಸಿ. ಊರಿಗೆ ಹೋಗುವಾಗ ರಜೆಯ ಮೋಡ್ ಒತ್ತಿ. ಇಲ್ಲದಿದ್ದರೆ ಮರಳುವಾಗ ನೂರಾರು ಪ್ರಶ್ನೆ ರಾಶಿ ಬಿದ್ದಿರುತ್ತವೆ.