ಆಂತರಿಕ ಸಮಿತಿಯವರಿಗೆ ಎರಡು ದಿನದ ವಿಚಾರಣಾ ತರಬೇತಿ: ಕೇಳೋದು ಚೆನ್ನಾಗಿ ಕಲಿಸ್ತಾರೆ, ಬರೆಯೋದು ಅರ್ಧಂಬರ್ಧ

ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಕಂಪನಿಗಳ ಆಂತರಿಕ (ಪೋಶ್) ಸಮಿತಿ ಸದಸ್ಯರಿಗಾಗಿ ಬೆಂಗಳೂರಿನಲ್ಲಿ ನಡೆಯುವ ಈ ತರಬೇತಿಯಲ್ಲಿ 2013ರ ಕಾಯ್ದೆಯ ಪಾಠ ಚುಟುಕಾಗಿ ಮುಗಿಯುತ್ತದೆ. ದೂರಿಗೆ 3 ತಿಂಗಳು, ವಿಚಾರಣೆಗೆ 90 ದಿನ, ವರದಿಗೆ ಆಮೇಲೆ 10 ದಿನ, ವಿಚಾರಣೆಗೆ ಅಧ್ಯಕ್ಷೆ ಸೇರಿ ಕನಿಷ್ಠ 3 ಜನರ ಹಾಜರಿ (ಕೋರಂ). ಇಷ್ಟು ಹೇಳಿ ನೇರ ಅಣಕು ವಿಚಾರಣೆಗೆ ಇಳಿಸುತ್ತಾರೆ. ಕೊಟ್ಟ ದುಡ್ಡು ವಸೂಲಾಗುವುದು ಇಲ್ಲೇ.

‘ಅವರು ನಿಮ್ಮ ಕೈ ಹಿಡಿದರಾ?’ ಎಂದು ಶುರುಮಾಡಿದವರನ್ನು ತರಬೇತುದಾರರು ಅಲ್ಲೇ ನಿಲ್ಲಿಸುತ್ತಾರೆ. ಉತ್ತರವನ್ನು ನೀವೇ ಅವರ ಬಾಯಿಗೆ ಇಟ್ಟಿರಿ ಎನ್ನುತ್ತಾರೆ. ‘ಮೀಟಿಂಗ್ ಮುಗಿದ ಮೇಲೆ ಏನಾಯ್ತು, ಮೊದಲಿಂದ ಹೇಳಿ’ ಎಂದು ಕೇಳಿ ಸುಮ್ಮನಾಗಬೇಕು. ಯಾರು ಎಲ್ಲಿ ನಿಂತಿದ್ದರು, ಬಾಗಿಲು ತೆರೆದಿತ್ತಾ ಅನ್ನುವುದೆಲ್ಲ ಎರಡನೇ ಸುತ್ತಿಗೆ. ‘ಆವತ್ತೇ ಯಾಕೆ ಹೇಳಲಿಲ್ಲ?’ ಎಂದರೆ ಆರೋಪದಂತೆ ಕೇಳಿಸುತ್ತದೆ. ‘ಆಮೇಲೆ ಯಾರ ಹತ್ತಿರವಾದರೂ ಹೇಳಿಕೊಂಡಿರಾ, ಮೆಸೇಜ್ ಮಾಡಿದಿರಾ?’ ಎಂದರೆ ಅದೇ ರಾತ್ರಿ ಗೆಳತಿಗೆ ಕಳಿಸಿದ ಮೆಸೇಜ್ ಹೊರಬರಬಹುದು. ಪ್ರಕರಣ ನಿಲ್ಲುವುದು ಎಷ್ಟೋ ಸಲ ಅಂಥದ್ದರ ಮೇಲೆ.

ಕ್ರಮವನ್ನೂ ಸರಿಯಾಗಿ ಹೇಳಿಕೊಡುತ್ತಾರೆ: ದೂರುದಾರರು, ಅವರ ಸಾಕ್ಷಿಗಳು, ಪ್ರತಿವಾದಿ, ಆತನ ಸಾಕ್ಷಿಗಳು, ಹೊಸದೇನಾದರೂ ಸಿಕ್ಕಿದರೆ ಮತ್ತೆ ಇಬ್ಬರ ಬಳಿಗೂ. ಈ ಕೊನೆಯ ಹೆಜ್ಜೆಯನ್ನೇ ಸಮಿತಿಗಳು ನುಂಗಿಹಾಕುವುದು. ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಕೆಲಸದಿಂದ ವಜಾ ಮಾಡಿದ್ದ ಆದೇಶವನ್ನೇ ರದ್ದು ಮಾಡಿತು. ಸಮಿತಿ ಅವಸರಕ್ಕೆ ಬಿದ್ದು, ಆರೋಪಕ್ಕೊಳಗಾದವರಿಗೆ ತಮ್ಮ ವಾದ ಮಂಡಿಸಲು ಸಾಕಷ್ಟು ಅವಕಾಶ ಕೊಟ್ಟಿರಲಿಲ್ಲ.

ದಾಖಲಿಸುವ ಪಾಠ ಮಾತ್ರ ಎರಡನೇ ದಿನ ಊಟವಾದ ಮೇಲೆ, ಒಂದೇ ಗಂಟೆ, ಅದೂ ಸ್ಲೈಡ್ ಓದುವುದರಲ್ಲೇ ಮುಗಿಯಿತು. ‘ಸಾಕ್ಷಿ ಗಾಬರಿಯಾಗಿದ್ದರು’ ಎನ್ನುವುದು ಬರೆಯುವವರ ಅಭಿಪ್ರಾಯ. ‘ಉತ್ತರಿಸುವ ಮುನ್ನ ಎರಡು ಸಲ ನೀರು ಕುಡಿದರು’ ಎಂದು ಕಂಡದ್ದನ್ನಷ್ಟೇ ಬರೆಯಬೇಕು ಎಂಬಲ್ಲಿಗೆ ನಿಂತುಬಿಟ್ಟರು. ಪ್ರತಿ ಪುಟಕ್ಕೂ ಸಂಖ್ಯೆ ಮತ್ತು ಸಹಿ, ಶುರುವಾದ ಮತ್ತು ಮುಗಿದ ಸಮಯ, ಹಾಜರಿದ್ದವರ ಹೆಸರು, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಕಿರುಸಹಿ: ಇದನ್ನು ಕೈಯಲ್ಲಿ ಬರೆಸಿಯೇ ಕಲಿಸಬೇಕು. ವೈಟ್‌ನರ್ ಬಳಿದ ಹೇಳಿಕೆಯನ್ನು ಮೇಲ್ಮನವಿಯಲ್ಲಿ ಯಾರೂ ನಂಬುವುದಿಲ್ಲ.

ಇನ್ನೊಂದು ಕೊರತೆಗೆ ಕ್ಷಮೆಯೇ ಇಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲೋ ಹೌಸ್‌ಕೀಪಿಂಗ್‌ನಲ್ಲೋ ಇರುವ ಹೆಣ್ಣುಮಗಳು ಕನ್ನಡದಲ್ಲಿ ಹೇಳಿದ್ದನ್ನು ನೇರ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಸಹಿ ಹಾಕಿಸಿಕೊಳ್ಳುವುದು ಇಲ್ಲಿನ ದಿನನಿತ್ಯದ ಪದ್ಧತಿ. ಆಗಬೇಕಾದ್ದು ಹೀಗೆ: ಕನ್ನಡದಲ್ಲೇ ಬರೆದು, ಓದಿ ಹೇಳಿ, ತಿದ್ದಿಸಿ, ಆಮೇಲೆ ಸಹಿ. ಇಂಗ್ಲಿಷ್ ಅನುವಾದ ಬೇರೆ ಹಾಳೆಯಲ್ಲಿ. ಬೆಂಗಳೂರಿನ ತರಬೇತಿಯಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ!

ಕೈಪಿಡಿಯೂ ಹಳತು. ವಾಟ್ಸಾಪ್ ಸಾಕ್ಷ್ಯಕ್ಕೆ ಇನ್ನೂ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ದೃಢೀಕರಣ) ಎಂದೇ ಇದೆ. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಸಮಿತಿಯ ವಿಚಾರಣೆ ಕೋರ್ಟಿನ ಸಾಕ್ಷ್ಯ ನಿಯಮದಷ್ಟು ಬಿಗಿಯಲ್ಲ, ನಿಜ. ಆದರೂ ಬರೀ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ: ಮೂಲ ಫೋನ್ ನೋಡಿ, ಚಾಟ್ ಎಕ್ಸ್‌ಪೋರ್ಟ್ ಮಾಡಿಸಿ, ನೋಡಿದ ದಿನಾಂಕ ಬರೆದಿಡಿ.

ಸಮಿತಿಗೆ ಹೊಸದಾಗಿ ಸೇರಿದವರು ಹೋಗಬಹುದು. ಟಿಪ್ಪಣಿ ಬರೆಯುವವರನ್ನು ಕಳಿಸುವುದಾದರೆ, ಹೇಳಿಕೆ ಬರೆಸುವ ಅಭ್ಯಾಸಕ್ಕೆ ಅರ್ಧ ದಿನ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ಆಮೇಲೆ ಹಣ ಕಟ್ಟಿ.