ಮೀಟಿಂಗ್ ಅಂತ ಕರೆದು ರೂಮಿಗೆ ಬೀಗ ಹಾಕಿದರು

ನಮ್ಮ ಯಜಮಾನರು ಹದಿನಾಲ್ಕು ವರ್ಷ ಕುಡಿದರು. ಕೊನೆಯ ಎರಡು ವರ್ಷವಂತೂ ಬೆಳಿಗ್ಗೆ ಒಂದು ನೈಂಟಿ ಬೀಳದಿದ್ದರೆ ಕಾಫಿ ಲೋಟ ಹಿಡಿಯೋಕೂ ಆಗುತ್ತಿರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಅವರೇ, "ಎಲ್ಲಾದರೂ ಸೇರಿಸು, ನನ್ನ ಕೈಲಿ ಆಗ್ತಿಲ್ಲ" ಅಂದರು. ಆ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ ಅಂತ ನನಗೇ ಗೊತ್ತು. ಅದಕ್ಕೇ ಅವಸರ ಮಾಡಿಬಿಟ್ಟೆ.

ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಗುಂಪು. ಅದರ ಮೀಟಿಂಗಿಗೆ ಹೋಗಿ ಕುಡಿತ ಬಿಟ್ಟವರಿದ್ದಾರೆ ಅಂತ ಪಕ್ಕದ ಮನೆಯವರು ಹೇಳಿದ್ದರು. ತುಮಕೂರು ಬಸ್ ಸ್ಟ್ಯಾಂಡ್ ಹತ್ತಿರ ಕಂಬದ ಮೇಲೆ ಒಂದು ಪೋಸ್ಟರ್ ಇತ್ತು. ‘ಕುಡಿತ ಬಿಡಿಸಲಾಗುವುದು, ಎಎ ಮೀಟಿಂಗ್ ಇದೆ’ ಅಂತ ಬರೆದು ಕೆಳಗೆ ನಂಬರ್ ಹಾಕಿದ್ದರು. ಫೋನ್ ಮಾಡಿದೆ. "ಕರ್ಕೊಂಡು ಬನ್ನಿ ಮೇಡಂ, ಮೀಟಿಂಗೂ ಇಲ್ಲೇ, ಟ್ರೀಟ್‌ಮೆಂಟೂ ಇಲ್ಲೇ" ಅಂದರು.

ಹೋದ ಮೇಲೆ ಮೀಟಿಂಗ್ ಮಾತೇ ಇಲ್ಲ. ಮೂರು ತಿಂಗಳ ಪ್ಯಾಕೇಜ್, ಇಪ್ಪತ್ತು ಸಾವಿರ ಅಡ್ವಾನ್ಸ್. ಬಳೆ ಅಡ ಇಟ್ಟು ಕಟ್ಟಿದೆ. ಅವರ ಫೋನ್ ಕಿತ್ತುಕೊಂಡರು. ಹದಿನೈದು ದಿನ ಮನೆಯವರು ಮಾತಾಡೋ ಹಾಗಿಲ್ಲ ಅಂದರು. ಡಾಕ್ಟರ್ ಯಾರು ಅಂತ ಕೇಳಿದ್ದಕ್ಕೆ, "ಸಾಯಂಕಾಲ ಬರ್ತಾರೆ" ಅಂದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಮೂರನೇ ದಿನ ಸಂಜೆ ಅಲ್ಲಿನ ಅಡುಗೆ ಹುಡುಗ ಗುಟ್ಟಾಗಿ ಫೋನ್ ಮಾಡಿದ. "ಅಕ್ಕಾ, ಅಣ್ಣಂಗೆ ಫಿಟ್ಸ್ ಬಂದಿತ್ತು. ಇವರು ನಾಟಕ ಅಂತಿದ್ದಾರೆ. ಬೇಗ ಬನ್ನಿ." ಮೈದುನನನ್ನು ಕರೆದುಕೊಂಡು ಓಡಿದೆ. ಜಗಳ ಮಾಡಿದ ಮೇಲೆ ಬೀಗ ತೆಗೆದರು. ಒಂದೇ ರೂಮಿನಲ್ಲಿ ಹನ್ನೊಂದು ಚಾಪೆ, ಕಿಟಕಿಗೆ ತಗಡು ಹೊಡೆದಿದ್ದರು. ಇವರು ಮೂಲೆಯಲ್ಲಿ ಬೆವರಿನಲ್ಲಿ ತೊಯ್ದು ಕೂತಿದ್ದರು. ಹೊದಿಕೆಯ ಮೇಲೆ ಎರಡು ಬೆರಳಿನಿಂದ ಏನನ್ನೋ ಹೆಕ್ಕಿ ಹೆಕ್ಕಿ ಪಕ್ಕಕ್ಕೆ ಹಾಕುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ನನ್ನ ಮುಖ ನೋಡಿ, "ಅವ್ವಾ, ಎಷ್ಟು ಇರುವೆ ನೋಡು" ಅಂದರು. ಅತ್ತೆ ತೀರಿಕೊಂಡು ಆರು ವರ್ಷ ಆಗಿದೆ.

ಆಸ್ಪತ್ರೆಯ ಡಾಕ್ಟರ್ ಮೊದಲು ಕೇಳಿದ್ದು, "ಬರೀ ಗ್ಲೂಕೋಸ್ ಏರಿಸಿದ್ರಾ?" ಅಂತ. ಹೌದು, ಅದೊಂದನ್ನೇ ಏರಿಸಿದ್ದರು. ಬಹಳ ಕಾಲ ಕುಡಿದವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ತುಂಬಾ ಕಡಿಮೆ ಇರುತ್ತದಂತೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟಾಗಬಹುದು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡು-ಮೂರು ದಿನ ಆದ ಮೇಲೆ ಇಲ್ಲದ್ದು ಕಾಣೋದು, ದಿಕ್ಕು ತಪ್ಪಿ ಮಾತಾಡೋದು ಶುರುವಾಗಬಹುದು. ಇದರಿಂದ ಜೀವವೇ ಹೋಗಬಹುದು. ಸರಿಯಾದ ಮಾತ್ರೆ, ಇಂಜೆಕ್ಷನ್ ಕೊಟ್ಟರೆ ತಡೆಯಬಹುದಾದ ಕಾಯಿಲೆ ಇದು. ನಾಟಕ ಅಲ್ಲ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಅಡ್ವಾನ್ಸ್ ವಾಪಸ್ ಬರಲಿಲ್ಲ.

ನಿಜವಾದ ಎಎ ಮೀಟಿಂಗ್ ಎಲ್ಲಿ ನಡೆಯುತ್ತದೆ ಅಂತ ಹೇಳಿದ್ದು ಆ ಆಸ್ಪತ್ರೆಯ ಕೌನ್ಸೆಲರ್. ಒಂದು ಶಾಲೆಯ ಕೊಠಡಿ, ಭಾನುವಾರ ಸಂಜೆ. ಅದು ಓಪನ್ ಮೀಟಿಂಗ್ ಆಗಿದ್ದರಿಂದ ನಾನೂ ಹೋಗಬಹುದಿತ್ತು. ಕ್ಲೋಸ್ಡ್ ಮೀಟಿಂಗಿಗೆ ಕುಡಿತದ ಸಮಸ್ಯೆ ಇರುವವರು ಮಾತ್ರ ಹೋಗುತ್ತಾರೆ. ಬಾಗಿಲು ಹಾರು ಹೊಡೆದಿತ್ತು. ಯಾರೂ ವಿಳಾಸ ಕೇಳಲಿಲ್ಲ, ಆಧಾರ್ ಕೇಳಲಿಲ್ಲ. ಒಬ್ಬೊಬ್ಬರೇ ಎದ್ದು ಬರೀ ಹೆಸರು ಹೇಳಿ ತಮ್ಮ ಕಥೆ ಹೇಳಿದರು. ಕೊನೆಗೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಬಂತು. ನಾನು ಐವತ್ತು ರೂಪಾಯಿ ಹಾಕೋಕೆ ಹೋದೆ. ಪಕ್ಕದಲ್ಲಿದ್ದ ಹಿರಿಯರು ನೋಟನ್ನು ನನ್ನ ಕೈಗೇ ವಾಪಸ್ ಇಟ್ಟು, "ಬೇಡಮ್ಮ, ಹೊರಗಿನವರ ದುಡ್ಡು ನಾವು ತಗೊಳ್ಳಲ್ಲ. ಇದು ಬಾಡಿಗೆಗೆ, ಟೀಗೆ ಅಂತ ನಾವು ನಾವೇ ಹಾಕೋದು" ಅಂದರು. ಬಳೆ ಇಲ್ಲದ ಕೈಯಲ್ಲಿ ಆ ನೋಟು ಹಿಡಿದು ಅಲ್ಲೇ ಅತ್ತುಬಿಟ್ಟೆ.

1935ರಲ್ಲಿ ಅಮೆರಿಕದಲ್ಲಿ ಶುರುವಾದ ಎಎಗೆ ಸೇರೋಕೆ ಇರೋದು ಒಂದೇ ಷರತ್ತು, ಕುಡಿತ ಬಿಡಬೇಕು ಅನ್ನೋ ಆಸೆ. ಫೀಸ್ ಇಲ್ಲ. ಎಎ ತಾನಾಗಿ ಎಲ್ಲೂ ಆಸ್ಪತ್ರೆಯಾಗಲಿ, ಸೆಂಟರ್ ಆಗಲಿ ನಡೆಸೋದಿಲ್ಲ. ಹಾಗಾಗಿ ಯಾರಾದರೂ "ಇದು ಎಎ ಸೆಂಟರ್, ಅಡ್ವಾನ್ಸ್ ಕಟ್ಟಿ" ಅಂದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ಒಳ್ಳೆಯ ಚಿಕಿತ್ಸಾ ಕೇಂದ್ರಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ಪತ್ರ ತೋರಿಸಿ ಅಂತ ಕೇಳಿ. ಡಾಕ್ಟರನ್ನು ಕಣ್ಣಾರೆ ನೋಡದೆ ಬಿಟ್ಟು ಬರಬೇಡಿ.

ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರಾದರೆ ಮೀಟಿಂಗಿಗಿಂತ ಮೊದಲು ಆಸ್ಪತ್ರೆ. ಬೆಂಗಳೂರಿಗೆ ಹೋಗಲು ಆಗುವವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಬೇರೆ ವಿಭಾಗ ಇದೆ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪು ಇದೆ. ನಾನು ಈಗ ಅದಕ್ಕೆ ಹೋಗುತ್ತಿದ್ದೇನೆ. ಎಲ್ಲಿ ಶುರು ಮಾಡೋದು ಅಂತ ತಿಳಿಯದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಂಬದ ಮೇಲಿನ ನಂಬರಿಗೆ ಮಾಡೋ ಮೊದಲು ಇದಕ್ಕೆ ಮಾಡಿ.